ಮೊಳದುದ್ದದ ಕಪ್ಪು ಕಾರು

ಕಣ್ಣು ಮಂಜಾದ ಮೇಲೆ ಅಪ್ಪ ಡ್ರೈವರ್ ಕೆಲಸ ಬಿಟ್ಟಿದ್ದ. ಅವನು ಮೂವತ್ತು ವರ್ಷ ಓಡಿಸಿದ್ದ, ಮಾಲೀಕರ ಹಳೆಯ ಕಪ್ಪು ಕಾರೂ ಗುಜರಿಗೆ ಹೋಗಿತ್ತು. ಹಲ್ಲಿನ ಸೆಟ್ ತಯಾರಿಸುವುದು ಮಗಳ ಕಸುಬು. ಅದೇ ಕಾರನ್ನು ಮೊಳದುದ್ದಕ್ಕೆ, ರಿಮೋಟಿನಲ್ಲಿ ಓಡುವ ಹಾಗೆ ಮಾಡಿಕೊಡಲು ಅವಳು ಹಟ ತೊಟ್ಟಳು. ಮೇಣದಲ್ಲಿ ಮಾದರಿ ಕೆತ್ತಿ, ವಸಡು ಮಾಡುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಕಾರಿನ ಮೈ ಎರಕ ಹೊಯ್ದಳು.

"ಇದು ಓಡುತ್ತೋ, ಅಗಿಯುತ್ತೋ?" ಎಂದು ಅಮ್ಮ ನಕ್ಕಳು.

ಅಪ್ಪ ನಗಲಿಲ್ಲ. ಅದರ ಮೇಲೆ ಬೆರಳಾಡಿಸಿ, "ಬಾನೆಟ್ ಇಷ್ಟು ಚಪ್ಪಟೆ ಇರ್ಲಿಲ್ಲ ಕಣಮ್ಮ," ಎಂದ. ಮಗಳು ಮೂರು ಸಲ ಒಡೆದು ಮತ್ತೆ ಮಾಡಿದಳು. ನಾಲ್ಕನೆಯದನ್ನು ಮುಟ್ಟಿದವನು ಬೆರಳು ತೆಗೆಯಲೇ ಇಲ್ಲ.

ಕಪ್ಪು ಬಣ್ಣ ಬಳಿದು, ಮೋಟರು ಕೂರಿಸಿ, ಭಾನುವಾರ ಅಂಗಳದಲ್ಲಿ ಅವಳು ರಿಮೋಟನ್ನು ಅಪ್ಪನ ಕೈಗಿಟ್ಟಳು. ಕಾರು ನೆಟ್ಟಗೆ ಹೋಯಿತು. ತಿರುಗಿ ಬರುವಾಗ ಎಡಬಲ ಅದಲುಬದಲಾಗಿ ಎರಡು ಸಲ ಗೋಡೆಗೆ ಗುದ್ದಿತು.

"ಕೊಡಪ್ಪ, ನಾನು ತೋರಿಸ್ತೀನಿ."

"ತಾಳು. ಹೊರಗೆ ನಿಂತು ನೋಡ್ತಿದ್ದೀನಲ್ಲ, ಅದೇ ತಪ್ಪು. ಒಳಗೆ ಕೂತಿದ್ದೀನಿ ಅಂದ್ಕೋಬೇಕು."

ಕಾರು ಮುಖ ಮಾಡಿದ್ದ ಕಡೆಗೇ ಅಪ್ಪನೂ ತಿರುಗಿ ನಿಂತ. ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾ, ಎರಡು ಹೂಕುಂಡಗಳ ನಡುವೆ ಒಂದೇ ಸಲಕ್ಕೆ ರಿವರ್ಸ್ ತೆಗೆದು ನಿಲ್ಲಿಸಿದ. ಅಮ್ಮ ಬಗ್ಗಿ ನೋಡಿದಳು. ಎರಡೂ ಬದಿಗೆ ಒಂದೊಂದು ಬೆರಳಿನಷ್ಟು ಜಾಗ ಉಳಿದಿತ್ತು.

"ಬಣ್ಣವೂ ತರಚಿಲ್ಲ ಕಣ್ರೀ," ಎಂದಳು.

ಅಪ್ಪ ಎದೆಯುಬ್ಬಿಸಿ ಮಗಳತ್ತ ನೋಡಿದ.

"ಗೇಟ್ ತೆಗಿಯಮ್ಮ. ರಸ್ತೆಗೆ ಇಳಿಸೋಣ."