ಒಂದೇ ಸಲ ಬೀಳುವ ಗೋಲು

ಗೋಲು ಬಿದ್ದದ್ದು ಒಂದೇ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಮೂರು ಸಲ. ಮೂರನೆಯ ಸಲಕ್ಕೆ ಭಾವನ ಗೆಳೆಯರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಕಿಟಕಿ ಯಾವ ಕಡೆ ಇದೆ, ದೀಪ ಹತ್ತಿದೆಯೋ ಇಲ್ಲವೋ, ಅಷ್ಟು ತಿಳಿಯುತ್ತದೆ. ಭಾವ, ಅಂದರೆ ಅಕ್ಕನ ಗಂಡ, ಗೋಡೆಯಗಲದ ಟಿವಿ ತಂದು, "ಮಾವನಿಗೋಸ್ಕರ ತಂದೆ" ಎಂದು ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಹೇಳಿ, ಮೊದಲ ಪಂದ್ಯಕ್ಕೆ ಅಪ್ಪನನ್ನು ಸೋಫಾದ ನಡುವೆ ಕೂರಿಸಿದರು. ಸಂಬಂಧದಲ್ಲಿ ದೊಡ್ಡವರು, ಆದ್ದರಿಂದ ಬಹುವಚನದಲ್ಲಿ ಹೇಳುತ್ತಿದ್ದೇನೆ, ಅಷ್ಟೇ. ನಮ್ಮ ತಂಡ ಒಂದು ಗೋಲು ಹೊಡೆಯಿತು. ಅಪ್ಪ ಎದ್ದ, ಚಪ್ಪಾಳೆ ತಟ್ಟಿದ. ಆಮೇಲೆ ಯಾವುದೋ ಸಾಬೂನಿನ ಜಾಹೀರಾತು ಬಂತು. ವಿರಾಮದಲ್ಲಿ ಅದೇ ಗೋಲನ್ನು ಅದೇ ಕೂಗಾಟದ ಜೊತೆ ಮತ್ತೆ ತೋರಿಸಿದರು. ಅಪ್ಪ ಮತ್ತೆ ಎದ್ದ. ಇನ್ನೊಮ್ಮೆ ತೋರಿಸಿದರು. "ಮೂರು ಸೊನ್ನೆ!" ಎಂದು ಅಪ್ಪ ಪಕ್ಕದಲ್ಲಿದ್ದವರ ಕೈ ಹಿಡಿದು ಕುಲುಕಿದ.

"ಅಯ್ಯೋ ಮಾವ, ಅದು ರೀಪ್ಲೇ!" ಎಂದು ಭಾವ ಕಣ್ಣೊರೆಸಿಕೊಳ್ಳುತ್ತ ನಕ್ಕರು.

"ತಪ್ಪಾಯ್ತು" ಎಂದು ಅಪ್ಪ ಕೂತ. ಏನು ತಪ್ಪು? ಆಗಿ ಮುಗಿದ ಗೋಲನ್ನು ಪುನಃ ಪುನಃ ಹೊಡೆಸುವುದು ಅವರ ತಪ್ಪು. ಅಂದಿನಿಂದ ಅಪ್ಪ ಟಿವಿ ಮುಂದೆ ಚಪ್ಪಾಳೆ ತಟ್ಟಲಿಲ್ಲ. ಯಾವ ಗೋಲು ಹೊಸದು, ಯಾವುದು ಹಳಸಲು ಎಂದು ಗೊತ್ತಾಗದೆ, ಉಳಿದವರು ಕೂಗಿದ ಮೇಲೆ ಮೆಲ್ಲಗೆ ತಲೆ ಆಡಿಸುತ್ತಿದ್ದ.

ಇದೇ ಅಪ್ಪನನ್ನು ಮೈದಾನದಲ್ಲಿ ನೋಡಬೇಕಿತ್ತು ನೀವು. ನಮ್ಮ ಮನೆಯಿಂದ ಮೈದಾನಕ್ಕೆ ಎರಡು ಬೀದಿ. ಗೋಲಿನ ಹಿಂದೆ, ಮೂಲೆಯ ಬಾವುಟದ ಹತ್ತಿರ, ಕೆಳಗಿನ ಸಾಲಿನಲ್ಲಿ ಅಪ್ಪನ ಸೀಟು. ಕಣ್ಣಿದ್ದಾಗಲೂ ಅದೇ, ಕಣ್ಣು ಹೋದ ಮೇಲೂ ಅದೇ. ಪ್ರತಿ ವರ್ಷ ಅಪ್ಪನ ಹೆಸರಿಗೇ ಅದರ ಪಾಸು. ಅಪ್ಪ ಬದುಕೆಲ್ಲ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ನಿಂತವನು. ಕಬ್ಬಿಣದ ಸದ್ದು ತುಸು ಬದಲಾದರೆ ಟೂಲ್ ಮೊಂಡಾಗಿದೆ ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದ. ಆ ಕಿವಿಗೆ ಫುಟ್‌ಬಾಲ್ ಯಾವ ಲೆಕ್ಕ? ಚೆಂಡಿಗೆ ಬಿದ್ದ ಒದೆ ಎಷ್ಟು ಗಟ್ಟಿ, ಗೋಲ್‌ಕೀಪರ್ ಯಾರನ್ನು ಬೈಯುತ್ತಿದ್ದಾನೆ, ಜನ ಎದ್ದಾಗ ಮಡಚಿಕೊಳ್ಳುವ ಸೀಟುಗಳ ಟಪಟಪ ಎಡಗಡೆಯಿಂದ ಬಂತೋ ಬಲಗಡೆಯಿಂದಲೋ, ಇವಿಷ್ಟರಿಂದಲೇ ಇಡೀ ಆಟ ಅವನ ತಲೆಯೊಳಗೆ ಓಡುತ್ತಿತ್ತು. ಪಕ್ಕದಲ್ಲಿ ಕೂತ ನಾನು ಸಹಾಯ ಮಾಡೋಣವೆಂದು, "ಅಪ್ಪಾ, ಈಗ ಚೆಂಡು ನಡುವೆ ಇದೆ" ಎಂದರೆ ಗದರುತ್ತಿದ್ದ.

"ಏ ಮೆಣಸಿನಕಾಯಿ, ಬಾಯ್ಮುಚ್ಕೊಂಡು ನೋಡು. ನೀನು ಮಾತಾಡಿದ್ರೆ ನಂಗೆ ಆಟ ಕಾಣಲ್ಲ."

ಮೆಣಸಿನಕಾಯಿ ಎಂದರೆ ನಾನು. ಮನೆಯಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ. ಕಾರಣ ನಿಮಗೆ ಇಷ್ಟರಲ್ಲಿ ತಿಳಿದಿರಬೇಕು.

ನನ್ನ ಕಸುಬು ಸೋಫಾ, ಕುರ್ಚಿಗಳಿಗೆ ಹೊದಿಕೆ ಹೊಲಿಯುವುದು. ಅಪ್ಪನ ಸೀಟಿಗೆ ಒಂದು ಮೆತ್ತೆ ಹೊಲಿದುಕೊಟ್ಟಿದ್ದೆ. ಹಸಿರು ರೆಕ್ಸಿನ್, ಅಂಚಿಗೆ ಹಳದಿ ಪಟ್ಟಿ, ಮಡಚುವ ಸೀಟಿನಿಂದ ಜಾರದಂತೆ ಹಿಂದಕ್ಕೆ ಕಟ್ಟಲು ಎರಡು ದಾರ. ಮೈದಾನದ ಗೇಟಿನಲ್ಲಿ ಟಿಕೆಟ್ ನೋಡುವ ಹೆಂಗಸೊಬ್ಬಳಿದ್ದಾಳೆ. ನಾವೆಲ್ಲ ಗೇಟಿನಕ್ಕ ಎನ್ನುತ್ತೇವೆ. ಮೆತ್ತೆ ಅವಳ ಹತ್ತಿರವೇ ಇರುತ್ತಿತ್ತು. ಪಂದ್ಯದ ದಿನ ಅಪ್ಪ ಬರುವ ಮೊದಲೇ ಅದನ್ನು ಸೀಟಿಗೆ ಕಟ್ಟಿಡುತ್ತಿದ್ದಳು.

ಕಳೆದ ವರ್ಷ ಅಪ್ಪ ಮೈದಾನದ ಮೆಟ್ಟಿಲಲ್ಲಿ ಜಾರಿ ಮಂಡಿ ತರಚಿಕೊಂಡ. ತರಚಿದ್ದು ಅಷ್ಟೇ, ಔಷಧಿ ಹಚ್ಚಿದರೆ ಮುಗಿಯಿತು. ಆದರೆ ಭಾವನಿಗೆ ನೆಪ ಸಿಕ್ಕಿತು. ಅಪ್ಪನೂ ನಾನೂ ಇರುವುದು ಅಕ್ಕನ ಮನೆಯ ಮಹಡಿಯಲ್ಲಿ. ಹಾಗಾಗಿ ಭಾವ ಆಡಿದ್ದೇ ಕೊನೆಯ ಮಾತು.

"ಕಣ್ಣು ಕಾಣದೋರಿಗೆ ಮೈದಾನ ಯಾಕೆ ಮಾವ? ಬಿಸಿಲು, ನೂಕುನುಗ್ಗಲು. ಮನೇಲಿ ಆರಾಮಾಗಿ ಟಿವಿ ಹಾಕ್ಕೊಂಡು ಕೂತ್ಕೊಳ್ಳಿ." ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದರು. "ಅಲ್ಲದೆ ಆ ಮೂಲೆ ಸೀಟುಗಳ ಪಾಸು ಈ ವರ್ಷದಿಂದ ಕೊಡ್ತಿಲ್ವಂತೆ. ನಾನೇ ಹೋಗಿ ವಿಚಾರಿಸ್ದೆ."

ಬೇರೆ ಟಿಕೆಟ್ ತರುತ್ತೇನೆ ಎಂದು ನಾನು ಹಾರಾಡಿದೆ. ಅಪ್ಪನೇ ಬೇಡವೆಂದ. "ಅಷ್ಟು ಆಸೆಯಿಂದ ಟಿವಿ ತಂದಿದಾರೆ. ಬೇಜಾರು ಮಾಡ್ಕೋತಾರೆ, ಬಿಡು." ನಾನು ಬಿಟ್ಟೆ.

ಟಿವಿಯಲ್ಲಿ ಮಾತಾಡುವವರ ಬಗ್ಗೆ ನನ್ನನ್ನು ಕೇಳಲೇಬೇಡಿ. ಚೆಂಡು ಎಲ್ಲಿದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳುತ್ತಾರೆ. ಒಬ್ಬ ಆಟಗಾರನ ಮದುವೆ, ಇನ್ನೊಬ್ಬನ ಹೊಸ ಕಾರು, ಮತ್ತೊಬ್ಬನ ಕೇಶವಿನ್ಯಾಸ. ನೋಡುವವರಿಗೆ ಚೆಂಡು ಕಾಣುತ್ತದಲ್ಲ, ಹೇಳುವುದೇಕೆ ಎಂದು ಅವರ ಲೆಕ್ಕ. ಅಪ್ಪ ಮುಂದಕ್ಕೆ ಬಾಗಿ ಕೇಳುತ್ತಿದ್ದ, "ಚೆಂಡು ಎಲ್ಲಿದೆ?" ಭಾವ ಉತ್ತರ ಕೊಡುತ್ತಿದ್ದರು, "ಅದೇ ಮಾವ, ಅಲ್ಲೇ ಇದೆ ನೋಡಿ." ನೋಡಿ ಅಂತೆ!

ಆದರೆ ಅಪ್ಪ ಸುಮ್ಮನಿರುವವನಲ್ಲ. ಕೆಲವು ಪಂದ್ಯಗಳಾದ ಮೇಲೆ ಸೋಫಾ ಬಿಟ್ಟು ಕಿಟಕಿಯ ಪಕ್ಕದ ಮರದ ಕುರ್ಚಿಗೆ ಹೋದ. ಗಾಳಿ ಬೇಕು ಎಂದ. ಅಸಲು ವಿಷಯ ಬೇರೆ. ಟಿವಿಯ ಆಟ ನಿಜವಾದ ಆಟಕ್ಕಿಂತ ಹಿಂದೆ ಬಿದ್ದಿರುತ್ತದೆ. ಎರಡು ಬೀದಿಯಾಚೆ ಮೈದಾನ ಹೋ ಎಂದಾಗ ಟಿವಿಯಲ್ಲಿ ಚೆಂಡು ಇನ್ನೂ ನಡುಗೆರೆಯ ಹತ್ತಿರ ಉರುಳುತ್ತಿರುತ್ತದೆ. ಆ ಹೋ ಅಪ್ಪನಿಗೆ ಸಾಕಾಗಿತ್ತು. ತುಟಿಯಂಚಿನಲ್ಲಿ ನಕ್ಕು ಸುಮ್ಮನಿರುತ್ತಿದ್ದ. ನನಗೆ ಮಾತ್ರ ಕೈ ಹಿಸುಕಿ ತಿಳಿಸುತ್ತಿದ್ದ.

ಹೀಗೇ ಈ ಸಲದ ಕೊನೆಯ ಪಂದ್ಯ ಬಂತು. ಮಟಮಟ ಮಧ್ಯಾಹ್ನ. ಭಾವನ ಗೆಳೆಯರು ಸೋಫಾ ತುಂಬ. ಆ ಸೋಫಾಕ್ಕೆ ಹೊದಿಕೆ ಹೊಲಿದವಳು ನಾನು, ಕೂರಲು ನನಗೆ ಸಿಕ್ಕಿದ್ದು ನೆಲ. ಎದುರಾಳಿಗಳು ಮೊದಲೇ ಒಂದು ಗೋಲು ಹೊಡೆದಿದ್ದರು. ವಿರಾಮಕ್ಕೆ ಸ್ವಲ್ಪ ಮೊದಲು ಕಿಟಕಿಯಾಚೆ ಮೈದಾನ ಒಮ್ಮೆಲೇ ಭೋರ್ಗರೆಯಿತು. ಅಪ್ಪ ತಡೆದುಕೊಳ್ಳಲಾರದೆ ಹೋದ.

"ಗೋಲ್! ನಮ್ದು! ಒಂದು ಒಂದು!"

ಟಿವಿಯಲ್ಲಿ ಇನ್ನೂ ನಮ್ಮವನು ಚೆಂಡನ್ನು ಗೆರೆಯಾಚೆಯಿಂದ ಒಳಕ್ಕೆ ಎಸೆಯುತ್ತಿದ್ದ. ಎಲ್ಲರೂ ತಿರುಗಿ ನೋಡಿದರು. ಆಮೇಲೆ ಟಿವಿಯಲ್ಲೂ ಗೋಲಾಯಿತು. ಯಾರೂ ಕುಣಿಯಲಿಲ್ಲ.

"ಏನಪ್ಪಾ, ನಿಮ್ಮ ಮಾವ ಮಜಾನೇ ಕೆಡಿಸಿಬಿಟ್ರಲ್ಲ" ಎಂದು ಗೆಳೆಯನೊಬ್ಬ ಮುಖ ಸಿಂಡರಿಸಿದ.

ಭಾವ ಎದ್ದು ಹೋಗಿ ಕಿಟಕಿ ಮುಚ್ಚಿದರು. ಚಿಲಕ ಹಾಕಿದರು. "ಧೂಳು ಬರ್ತಿದೆ ಮಾವ" ಎಂದರು.

"ತಪ್ಪಾಯ್ತು" ಎಂದ ಅಪ್ಪ. ಮುಚ್ಚಿದ ಗಾಜಿನ ಕಡೆಗೇ ಮುಖ ಮಾಡಿ ಕೈ ಕಟ್ಟಿಕೊಂಡು ಕೂತ. ಕುರುಡನ ಕಣ್ಣಿಗೆ ಬಾಗಿಲು ಹಾಕಿ ಚಿಲಕ ಜಡಿದ ಮನುಷ್ಯ ತಣ್ಣಗೆ ಬಂದು ಸೋಫಾದಲ್ಲಿ ಕಾಲು ಚಾಚಿದ್ದ. ಬಹುವಚನ ಹಾಳಾಗಿ ಹೋಗಲಿ.

ವಿರಾಮ ಕಳೆದು ಆಟ ಮತ್ತೆ ಶುರುವಾಯಿತು. ಮುಗಿಯಲು ಇನ್ನು ಇಪ್ಪತ್ತು ನಿಮಿಷ ಇರುವಾಗ ಎದುರಾಳಿಗಳಿಗೆ ಮೂಲೆಯ ಒದೆತ ಸಿಕ್ಕಿತು. ಟಿವಿಯವರು ಅಪರೂಪಕ್ಕೆ ಆ ಮೂಲೆಯನ್ನು ಹತ್ತಿರದಿಂದ ತೋರಿಸಿದರು. ಮೂಲೆಯ ಬಾವುಟ, ಅದರ ಹಿಂದೆ ಕೆಳಗಿನ ಸಾಲು. ಆ ಸಾಲಿನಲ್ಲಿ ಹಸಿರು ರೆಕ್ಸಿನ್, ಹಳದಿ ಅಂಚು.

ನನ್ನ ಹೊಲಿಗೆ ನನಗೆ ಗೊತ್ತಾಗುವುದಿಲ್ಲವೇ? ಪಕ್ಕದಲ್ಲಿದ್ದ ರಿಮೋಟ್ ಎತ್ತಿಕೊಂಡೆ. ಬೇಕಾದಾಗ ಆಟ ನಿಲ್ಲಿಸಬಹುದು ಎಂದು ಭಾವನೇ ಹೆಮ್ಮೆಯಿಂದ ಹೇಳಿಕೊಟ್ಟಿದ್ದ. ನಿಲ್ಲಿಸಿದೆ. ಗೋಡೆಯಗಲಕ್ಕೆ ಅಪ್ಪನ ಸೀಟು ನಿಂತುಕೊಂಡಿತು. ಅಪ್ಪನ ಮೆತ್ತೆಯ ಮೇಲೆ ಭಾವನ ಆಫೀಸಿನ ಮ್ಯಾನೇಜರ್. ಹೋದ ತಿಂಗಳು ನಮ್ಮ ಮನೆಗೆ ಬಂದು ಚಹಾ ಕುಡಿದು ಹೋದ ಆಸಾಮಿ. ತಲೆ ತಗ್ಗಿಸಿ ಮೊಬೈಲನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಮೊಬೈಲಿನಲ್ಲಿ ಹಸಿರು ಮೈದಾನ. ನಾಲ್ಕು ಹೆಜ್ಜೆ ಆಚೆ ನಡೆಯುತ್ತಿದ್ದ ಆಟವನ್ನು ಅವನು ಮೊಬೈಲಿನಲ್ಲಿ ನೋಡುತ್ತಿದ್ದ.

"ಭಾವ, ಅದು ನಿಮ್ಮ ಮ್ಯಾನೇಜರ್ ಅಲ್ವಾ? ಆ ಸೀಟಿಗೆ ಪಾಸೇ ಇಲ್ಲ ಅಂದಿದ್ರಿ?"

"ರಿಮೋಟ್ ಕೊಡು ಇಲ್ಲಿ."

"ಕೊಡಲ್ಲ. ಹೇಳಿ."

"ಅಯ್ಯೋ, ಸುಮ್ನೆ ಹಾಳಾಗೋ ಸೀಟು, ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಕೊಟ್ಟೆ. ನನ್ನ ಪ್ರಮೋಷನ್ ಅವರ ಕೈಯಲ್ಲಿದೆ. ಅದಕ್ಕೆ ಇಷ್ಟೊಂದು ರಂಪ ಯಾಕೆ? ಮಾವನಿಗೆ ಅಲ್ಲಿ ಏನು ಕಾಣ್ಸುತ್ತೆ?"

"ಇಲ್ಲಿ ಏನು ಕಾಣ್ಸುತ್ತೆ?" ಎಂದು ಕೂಗಿದೆ. "ಕಿಟಕಿ ಒಂದಿತ್ತು, ಅದನ್ನೂ ಮುಚ್ಚಿದ್ರಿ. ಮಾವನಿಗೋಸ್ಕರ ಟಿವಿ ತಂದೆ ಅಂತ ಊರೆಲ್ಲ ಡಂಗುರ ಹೊಡೆದ್ರಲ್ಲ, ಮಾವನ ಸೀಟು ಯಾರಿಗೆ ಕೊಟ್ಟೆ ಅಂತ ಯಾಕೆ ಹೊಡೀಲಿಲ್ಲ?"

ಗೆಳೆಯರು ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ಅಪ್ಪ ಕಿಟಕಿಯ ಪಕ್ಕದಿಂದ ಕೇಳಿದ, "ನನ್ನ ಮೆತ್ತೆ ಮೇಲೇ ಕೂತಿದಾನಾ?"

"ಹೂಂ ಅಪ್ಪಾ."

"ಕೂತು ಏನು ಮಾಡ್ತಿದಾನೆ?"

"ಮೊಬೈಲಲ್ಲಿ ಮ್ಯಾಚ್ ನೋಡ್ತಿದಾನೆ."

ಅಪ್ಪ ಕುರ್ಚಿಯ ಕೈ ಹಿಡಿದು ಎದ್ದ. "ನನ್ನ ಚಪ್ಪಲಿ ಎಲ್ಲಿ?"

ಅಷ್ಟು ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಬಂದು ಅಪ್ಪನ ಕೈಗೆ ಕೋಲು ಕೊಟ್ಟಳು. "ಮೆಟ್ಟಿಲ ಹತ್ರ ಅಪ್ಪನ ಕೈ ಬಿಡ್ಬೇಡ" ಎಂದು ನನಗೆ ಹೇಳಿದಳು.

"ನೀನೂ ಅವಳ ಜೊತೆ ಸೇರ್ಕೊಂಡ್ಯಾ?" ಎಂದ ಭಾವ.

ಅಕ್ಕ ಹೋಗಿ ಕಿಟಕಿಯ ಚಿಲಕ ತೆಗೆದಳು. ನಾವು ಬೀದಿಗಿಳಿದಾಗ ಕಿಟಕಿಯ ಎರಡು ಬಾಗಿಲೂ ಗೋಡೆಗೆ ಬಡಿದ ಸದ್ದು ಕೇಳಿಸಿತು. ಅಪ್ಪನಿಗೂ ಕೇಳಿಸಿತು, "ನಿಮ್ಮಕ್ಕ" ಎಂದ.

ಗೇಟಿನಕ್ಕ ನಮ್ಮನ್ನು ಕಂಡದ್ದೇ ಸ್ಟೂಲಿನಿಂದ ಎದ್ದುಬಿಟ್ಟಳು. "ಎಲ್ಲಿ ಹೋಗ್ಬಿಟ್ರಿ? ಪ್ರತಿ ಸಲ ಮೆತ್ತೆ ಕಟ್ಟಿಡ್ತೀನಿ, ಪ್ರತಿ ಸಲ ಯಾರೋ ಬಂದು ಕೂರ್ತಾರೆ. ನೀವೇ ಕಳಿಸಿದೀರಿ ಅಂದ್ಕೊಂಡೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಆ ಯಾರೋ ತಾನಾಗಿಯೇ ಬಂದ. ರಸ್ತೆಯಲ್ಲಿ ಗಾಡಿಗಳು ಕಿಕ್ಕಿರಿಯುವ ಮೊದಲೇ ಮನೆ ಸೇರೋಣವೆಂದು ಮ್ಯಾನೇಜರ್ ಸಾಹೇಬರು ಆಟ ಮುಗಿಯುವ ಮೊದಲೇ ಹೊರಟಿದ್ದರು. ನಮ್ಮನ್ನು ನೋಡಿ ಹಲ್ಲು ಬಿಟ್ಟರು.

"ಪಾಸ್ ಕೊಡಿ" ಎಂದೆ.

"ಅದು ನಿಮ್ಮ ಭಾವ ನನಗೆ..."

"ಭಾವಂದಲ್ಲ. ಅಪ್ಪಂದು."

ನನ್ನ ಮುಖ ಹೇಗಿತ್ತೋ ಏನೋ, ಜೇಬಿನಿಂದ ತೆಗೆದುಕೊಟ್ಟರು. ಅಪ್ಪ ಮಾತ್ರ ಮರ್ಯಾದೆ ಬಿಡಲಿಲ್ಲ. "ಈಗ ಸ್ಕೋರ್ ಎಷ್ಟು ಸ್ವಾಮಿ?" ಎಂದು ಕೇಳಿದ.

"ಒಂದ್ನಿಮಿಷ" ಎಂದು ಮ್ಯಾನೇಜರ್ ಮೊಬೈಲ್ ತೆಗೆದು ನೋಡತೊಡಗಿದರು. ಆಗಷ್ಟೇ ಮೈದಾನದಿಂದ ಎದ್ದು ಬಂದ ಮನುಷ್ಯ! ಗೇಟಿನಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉತ್ತರಕ್ಕೆ ಕಾಯದೆ ನಾವು ಒಳಗೆ ಹೋದೆವು.

ಮೆಟ್ಟಿಲಲ್ಲಿ ನಾನು ಅಪ್ಪನ ಕೈ ಬಿಡಲಿಲ್ಲ. ಸೀಟಿನ ಹತ್ತಿರ ಬಂದಾಗ ಅವನೇ ಬಿಡಿಸಿಕೊಂಡ. ಮೆತ್ತೆಯ ಅಂಚನ್ನು ಬೆರಳಿನಿಂದ ಸವರಿ, ಎರಡು ಸಲ ಕೊಡವಿ, ಕೂತ. ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡು ಗಲ್ಲ ಎತ್ತಿದ. ಆ ಟಿವಿಯ ಮುಂದೆ ಇಷ್ಟು ದಿನ ಕುಗ್ಗಿ ಕೂತಿದ್ದವನು ಇವನೇನಾ ಎನಿಸಿತು.

"ಇನ್ನೂ ಒಂದು ಒಂದೇ" ಎಂದ. "ಜನ ಉಗುರು ಕಚ್ತಾ ಇದಾರೆ, ಕೇಳು. ನಮ್ಮ ಗೋಲ್‌ಕೀಪರ್ ಈ ಕಡೆಗೇ ಇದಾನೆ. ಎಡಗಡೆಯವನನ್ನ ಬೈತಿದಾನೆ. ಆ ಎಡಗಡೆ ಖಾಲಿ ಇದೆ, ನೋಡ್ತಿರು."

ನೋಡಿದೆ. ಖಾಲಿಯೇ ಇತ್ತು. ಆಚೆಯಿಂದ ಉದ್ದಕ್ಕೆ ಒಂದು ಒದೆ ಬಿತ್ತು. ದೂರದ ಸೀಟುಗಳು ಟಪಟಪ ಎಂದವು, ಆಮೇಲೆ ಹತ್ತಿರದವು. ಎದುರಾಳಿಯೊಬ್ಬ ಅದೇ ಖಾಲಿ ಜಾಗದಲ್ಲಿ ಓಡಿ ಬಂದು ಹೊಡೆದ. ಚೆಂಡು ನಮ್ಮ ಮುಂದಿನ ಬಲೆಗೆ ಬಡಿದು ಕೆಳಗಿಳಿಯಿತು. ಇಡೀ ಮೈದಾನ ಉಸಿರು ನುಂಗಿಕೊಂಡಿತು. ಮುಗಿಯಲು ಎರಡು ನಿಮಿಷವೂ ಇರಲಿಲ್ಲ, ಸೋತಂತೆಯೇ.

ಆ ಮೌನದಲ್ಲಿ ಅಪ್ಪ ಎದ್ದು ನಿಂತ. ಯಾರನ್ನೂ ಕೇಳಲಿಲ್ಲ, ಯಾರ ಕೂಗಿಗೂ ಕಾಯಲಿಲ್ಲ. ಕೋಲನ್ನು ನೇರವಾಗಿ ಗೋಲಿನ ಕಡೆಗೆ ಚಾಚಿ ಎದೆಯಾಳದಿಂದ ಕೂಗಿದ, "ಲೋ! ಬೈದ್ರೆ ಸಾಕೇನೋ? ಎರಡು ಹೆಜ್ಜೆ ಮುಂದೆ ಬರೋಕೆ ನಿಂಗೇನು ಧಾಡಿ? ಅಷ್ಟು ಜಾಗ ಬಿಟ್ಕೊಂಡು ನಿದ್ದೆ ಮಾಡ್ತಿದ್ಯಾ?"

ಗೋಲ್‌ಕೀಪರ್ ತಿರುಗಿ ನೋಡಿದ. ಮೂಲೆಯ ಸಾಲಿನವರೆಲ್ಲ, "ಹಂಗೆ ಹೇಳಿ ಯಜಮಾನ್ರೇ!" ಎಂದರು. ಯಾರೂ ನಗಲಿಲ್ಲ. ಅಪ್ಪನ ಮುಖ ಕೋಪದಿಂದ ಕೆಂಪಾಗಿತ್ತು. ಈ ಸಲ ಅವನು ತಪ್ಪಾಯ್ತು ಎನ್ನಲಿಲ್ಲ.

ಕೂತು ಕೋಲನ್ನು ಮತ್ತೆ ಮಂಡಿಗಳ ನಡುವೆ ಇಟ್ಟುಕೊಂಡ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಕೇಳಿದ, "ಮತ್ತೆ ತೋರಿಸಲ್ಲ ತಾನೇ?"

"ಇಲ್ಲಪ್ಪಾ. ಇಲ್ಲಿ ಒಂದೇ ಸಲ."

"ಹಂಗಾದ್ರೆ ಸರಿ" ಎಂದು ಅಪ್ಪ ಮತ್ತೆ ಗೋಲ್‌ಕೀಪರನನ್ನು ಬೈಯತೊಡಗಿದ.