ಕಂಬಳಿ ಹೊದ್ದ ಬ್ರೆಡ್ ಮಿಷನ್ನು

"ಎಲ್ಲಿಂದ ಬತ್ತೈತೆ ಈ ಕೂದ್ಲು ಸುಟ್ಟ ವಾಸ್ನೆ?"

ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದ ಅತ್ತೆ ಸಣ್ಣಕ್ಕ ಯಾರನ್ನೂ ಕೇಳಲಿಲ್ಲ, ಗಾಳಿಯನ್ನು ಕೇಳಿದರು. ನಡುಮನೆಯಲ್ಲಿ ಮಾವ ಹುಚ್ಚಯ್ಯನವರು ಪದ್ಯ ಓದುತ್ತಿದ್ದರು, ನಾನು ಕೇಳುತ್ತಿದ್ದೆ. ಪದ್ಯವನ್ನು ನಡುವೆ ನಿಲ್ಲಿಸುವವರಲ್ಲ ಮಾವ. ಅವತ್ತು ನಿಲ್ಲಿಸಿ ಕೆಮ್ಮಿದರು. ಎದ್ದು ಅಡುಗೆಮನೆಗೆ ಓಡಿದೆ.

ಕಟ್ಟೆಯ ಮೇಲೆ ಬ್ರೆಡ್ ಮಿಷನ್ನು ಕಾಣಲಿಲ್ಲ, ಕರಿಕಂಬಳಿಯ ಗಂಟೊಂದು ಕಾಣಿಸಿತು. ಪ್ಲಗ್ ಕಿತ್ತು ಕಂಬಳಿ ಎಳೆದೆ. ಹಬೆ ಹೋಗುವ ಕಿಂಡಿಯ ಮೇಲಿದ್ದ ಉಣ್ಣೆ ಸೀದು ಕರಕಲಾಗಿತ್ತು.

"ಅತ್ತೆ, ಇದನ್ನ ಯಾರು ಹೊದಿಸಿದ್ದು?"

"ಇನ್ಯಾರು, ನಾನೇಯ. ಈ ಚಳೀಲಿ ಹಿಟ್ಟು ಉಬ್ಬದು ಬ್ಯಾಡ್ವಾ? ದ್ವಾಸೆ ಹಿಟ್ಟಿಗೂ ಕಂಬ್ಳಿನೇ ಅಲ್ವಾ ವದ್ಸದು?"

"ದೋಸೆ ಹಿಟ್ಟಿನ ಪಾತ್ರೆಯೊಳಗೆ ಬೆಂಕಿ ಇರಲ್ಲ ಅತ್ತೆ. ಇದರೊಳಗೆ ಐತೆ."

ಅಷ್ಟರಲ್ಲಿ ಒಳಗೆ ಬಂದಿದ್ದ ಅತ್ತೆ ಮುಚ್ಚಳ ತೆಗೆದು, ಒದ್ದೆ ಸೆರಗಲ್ಲೇ ಒಳಗಿನ ಡಬ್ಬಿಗೆ ಕೈ ಹಾಕಿದ್ದರು. ತಟ್ಟನೆ ಅವರ ಕೈ ಹಿಡಿದುಕೊಂಡೆ.

"ಬುಡು ರಂಜಿನಿ! ಸೆರಗಲ್ಲೇ ಎಷ್ಟು ಮಡಕೆ ಇಳ್ಸಿವ್ನಿ."

"ಒದ್ದೆ ಬಟ್ಟೆಯ ನೀರು ಹಬೆಯಾಗಿ ಕೈಗೇ ಹೊಡೀತದೆ."

ಅತ್ತೆ ಕೈ ಹಿಂದೆ ತೆಗೆದರು.

ಕಾಯಿಲೆ ಬಿದ್ದು ಎದ್ದ ಮೇಲೆ ಮಾವನಿಗೆ ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು. ಅಂಗಡಿ ಬ್ರೆಡ್ಡಿನ ಉಪ್ಪು ಬೇಡವೆಂದಿದ್ದರು ಹಾಸನದ ಡಾಕ್ಟರು. ಹಾಗಾಗಿ ಹಿಟ್ಟು ಹಾಕಿದರೆ ತಾನೇ ನಾದಿ ಬೇಯಿಸುವ ಈ ಮಿಷನ್ನು ತಂದಿದ್ದೆ. ನಾನು ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ಹಿಂದೆ ಉಳಿಯುವವರು ಅವರಿಬ್ಬರೇ. ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಕೆಂದೇ ಅಂದುಕೊಂಡೆ.

ನನ್ನ ಮುಖ ನೋಡಿಯೇ ಗೊತ್ತಾಯಿತೇನೋ, ಸಂಜೆ ಅತ್ತೆ ಪಕ್ಕ ಬಂದು ಕೂತರು. "ಮದ್ವೆಯಾದಾಗಿಂದ ಅವರ ತಟ್ಟೆಗೆ ಬೇರೆಯವರ ಕೈ ಬಿದ್ದಿಲ್ಲ ಕಣವ್ವ. ಇದೊಂದ್ನ ಕಿತ್ಕೋಬ್ಯಾಡ. ಏಳ್ಕೊಡು, ಕಲೀತೀನಿ."

ಅತ್ತೆಗೆ ಓದು ಬಾರದು. ಆದರೆ ಮಾವ ಓದುವ ಪದ್ಯಗಳೆಲ್ಲ ಕೇಳಿ ಕೇಳಿಯೇ ಬಾಯಿಗೆ ಬಂದಿದ್ದವು. ನಾನೂ ಹಾಗೇ ಕಲಿತವಳು. ಹೊಸದಾಗಿ ಪದ್ಯ ಹೇಳಿಕೊಡುವಂತೆ ಒಂದೊಂದೇ ಮಾತು ಹೇಳಿದೆ: ಗೋಡೆಗೆ ಗೇಣು ದೂರ, ಮೇಲೇನೂ ಹೊದಿಸಬಾರದು. ಒದ್ದೆ ಕೈಲಿ ಪ್ಲಗ್ ಮುಟ್ಟಬಾರದು. ಡಬ್ಬಿ ಎತ್ತಲು ಒಣಗಿದ ದಪ್ಪ ಬಟ್ಟೆ. ಮಿಷನ್ನು ಓಡುತ್ತಿರುವಾಗ ಮನೆ ಬಿಟ್ಟು ಹೋಗಬಾರದು. ಅತ್ತೆ ಕಣ್ಣು ಮುಚ್ಚಿ ಮತ್ತೆ ಮತ್ತೆ ಒಪ್ಪಿಸಿದರು. ಒಳಗಿನಿಂದ ಮಾವ, "ರಾಗ ಒಂದು ಬಾಕಿ ಐತೆ ನೋಡು!" ಎಂದು ನಕ್ಕರು.

ಬೀಗದ ಮಾತು ನಾನು ಎತ್ತಲಿಲ್ಲ. ಆದರೆ ಕೆಲಸದಲ್ಲಿ ಕೂತಾಗಲೂ ಕೂದಲು ಸುಟ್ಟ ವಾಸನೆ ಮೂಗಿಗೆ ಬಂದಂತಾಗುತ್ತಿತ್ತು.

ಮುಂದಿನ ಶನಿವಾರ ಹರದನಹಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಾವನ ಪದ್ಯದ ಓದು. ಕಾಯಿಲೆಯ ನಂತರ ಜನರ ಮುಂದೆ ಕೂರುವುದು ಅದೇ ಮೊದಲು. ಅತ್ತೆ ಆ ಓದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಬೆಳಗ್ಗೆಯೇ ಹೂ ಕಟ್ಟಿಟ್ಟಿದ್ದರು. ಆದರೆ ಮಧ್ಯಾಹ್ನದವರೆಗೂ ಕರೆಂಟಿಲ್ಲ. ಬ್ರೆಡ್ಡು ಹಾಕುವಾಗಲೇ ಹೊತ್ತಾಗಿತ್ತು. ನನ್ನ ಗಂಡ ನಟರಾಜು ಬಾಗಿಲಿಗೆ ಆಟೋ ತಂದಾಗ ಇನ್ನೂ ಒಂದು ಗಂಟೆ ಬೇಯುವುದಿತ್ತು.

"ನೀವು ಹೋಗಿ ಅತ್ತೆ, ನಾನು ಇರ್ತೀನಿ," ಎಂದೆ.

"ನೀ ಅವರ ಕೈ ಹಿಡ್ಕೊ. ಮೆಟ್ಲು ಹತ್ತೋವಾಗ ಕಾಲು ನಡುಗ್ತಾವೆ. ಹಿಟ್ಟು ಹಾಕಿದೋಳು ನಾನು."

ಮಾವ ಆಟೋದಿಂದ ಅರ್ಧ ಇಳಿದರು. "ಬಾರೇ. ನೀನು ಮುಂದೆ ಕೂತಿಲ್ದಿದ್ರೆ ನಂಗೆ ಪದ್ಯ ಎಂಗೆ ಬರ್ತದೆ? ಅದರ ಪಾಡಿಗೆ ಅದು ಬೇಯ್ತೈತೆ, ಬಾ."

ಅತ್ತೆ ಮುಡಿಯಲ್ಲಿದ್ದ ಹೂ ಸರಿಮಾಡಿಕೊಂಡರು. ಒಣಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ, ಮಿಷನ್ನಿನ ಕಡೆ ಮುಖ ಮಾಡಿ ಕೂತರು.

"ನಾ ಬರಕ್ಕಿಲ್ಲ," ಎಂದರು.