ಹಂದಿ ಲಿವರ್ ಬಣ್ಣದ ಹಜಾರ

ಬೂನ್ ಕೀಟ್ ತನ್ನ ಮನೆಯ ಹಜಾರಕ್ಕೆ ಬಳಿಸಿದ ಬಣ್ಣಕ್ಕೆ ಒಂದು ಹೆಸರಿತ್ತು, 'ಹಳೆಯ ದ್ರಾಕ್ಷಾರಸ' ಅಂತ. ಕ್ವಾಲಾಲಂಪುರದಿಂದ ಬಂದ ಅಲಂಕಾರದವನೊಬ್ಬ ಇಟ್ಟ ಹೆಸರು ಅದು. ನಾನು ಪೆನಾಂಗಿನ ಚೌರಸ್ತಾ ಮಾರುಕಟ್ಟೆಯಲ್ಲಿ ಒಂದು ಜೀವಮಾನವಿಡೀ ಮಾಂಸ ಕೊಂಡವಳು. ನನ್ನ ಕಣ್ಣಿಗೆ ಅದು ಹಂದಿ ಲಿವರ್ ಬಣ್ಣ. ಅದೂ ಬೆಳಗಿನ ತಾಜಾ ಲಿವರ್ ಅಲ್ಲ, ಮಧ್ಯಾಹ್ನದವರೆಗೆ ಯಾರೂ ಕೊಳ್ಳದೆ ಉಳಿದುಹೋದದ್ದು.

ಬೂನ್ ಕೀಟ್ ನನ್ನ ಅಕ್ಕ ಗೈಕ್ ನಿಯೋಳ ಒಬ್ಬನೇ ಮಗ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎರಡೇ ಬಾಗಿಲು. ಅವನ ಹೆಂಡತಿ ವೈ ಲೆಂಗ್‌ಗೆ ಗೋಡೆಯೊಂದಕ್ಕೇ ಬಳಿದರೆ ತೃಪ್ತಿಯಾಗಲಿಲ್ಲ. ಚಾವಣಿಗೂ ಅದೇ ಬಣ್ಣ, ಪರದೆಗೂ ಅದೇ, ಸೋಫಾಕ್ಕೂ ಅದೇ, ದೀಪದ ಬುರುಡೆಗೆ ತೊಡಿಸಿದ ಟೋಪಿಗೂ ಅದೇ. ಹಗಲು ಹನ್ನೆರಡಕ್ಕೂ ದೀಪ ಹಾಕಿಯೇ ಕೂರಬೇಕು. ಮೂಲೆಯಲ್ಲಿ ಯಾರಾದರೂ ಕೂತಿದ್ದರೆ ಅವರು ಹಲ್ಲು ಬಿಟ್ಟಾಗ ಮಾತ್ರ ಗೊತ್ತಾಗುತ್ತಿತ್ತು. ಒಳಗೆ ಹೋದ ಪ್ರತಿಸಲವೂ ನನ್ನನ್ನು ಯಾವುದೋ ಪ್ರಾಣಿ ನುಂಗಿದೆ ಅನ್ನಿಸುತ್ತಿತ್ತು.

ನಮ್ಮ ಚೀನೀ ಜನಕ್ಕೆ ಕೆಂಪು ಹೊಸದಲ್ಲ. ಹೊಸವರ್ಷಕ್ಕೆ ಬೇಕು, ಮದುವೆಗೆ ಬೇಕು, ಮಗುವಿಗೆ ತಿಂಗಳು ತುಂಬಿದಾಗ ಮೊಟ್ಟೆಗೂ ಕೆಂಪು ಹಚ್ಚುತ್ತೇವೆ. ಆದರೆ ಅದು ನೆಂಟನ ಹಾಗೆ ಬಂದು, ಉಂಡು, ಹೊರಡುವ ಬಣ್ಣ. ಈ ಮಹಾತಾಯಿ ಅದಕ್ಕೆ ಮನೆಯನ್ನೇ ಬರೆದುಕೊಟ್ಟಳು. ಆ ಹಜಾರದ ಗೋಡೆ ಮೊದಲು ನೀಲಿ ಇತ್ತು. ಪ್ರತಿ ವರ್ಷ ಅಕ್ಕ ಸುಣ್ಣಕ್ಕೆ ನೀಲಿ ಕಲಸಿ ಕೊಡುತ್ತಿದ್ದಳು, ಭಾವ ಏಣಿ ಹತ್ತಿ ಬಳಿಯುತ್ತಿದ್ದ. ಒಳಗೆ ಕಾಲಿಟ್ಟರೆ ಬಿಸಿಲಿನಿಂದ ಬಂದ ಕಣ್ಣು ತಣ್ಣಗಾಗುತ್ತಿತ್ತು. "ಅದೊಂದು ನೀಲಿ ಬಿಟ್ಬಿಡ್ರೋ" ಅಂತ ಅಕ್ಕ ಮಗನನ್ನೂ ಸೊಸೆಯನ್ನೂ ಬೇಡಿಕೊಂಡಳು. ಅವರು ಬಿಡಲಿಲ್ಲ. ಮದುವೆಯಾಗುವ ಜೋಡಿಗಳಿಗೆ ಫೋಟೊ ತೆಗೆಸಿಕೊಳ್ಳಲು ಹಜಾರವನ್ನು ಬಾಡಿಗೆಗೆ ಕೊಡುವುದು ಅವರ ಲೆಕ್ಕಾಚಾರ. ನೀಲಿ ಗೋಡೆಯ ಮುಂದೆ ಮದುಮಗಳು ಬಡವಿಯ ಹಾಗೆ ಕಾಣುತ್ತಾಳಂತೆ. ಅಕ್ಕ ಮದುಮಗಳಾಗಿ ಬಂದದ್ದು ಅದೇ ನೀಲಿ ಗೋಡೆಯ ಮುಂದೆ.

ಬಣ್ಣ ಒಣಗುವ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದಳು. ಅಡುಗೆಮನೆ ಪಕ್ಕದ ಹಿಂದಿನ ಕೋಣೆಯಲ್ಲಿ ಅವಳ ಮಂಚ. ಇನ್ನು ಮಾಡುವುದೇನೂ ಇಲ್ಲ ಅಂತ ಡಾಕ್ಟರು ಹೇಳಿಯಾಗಿತ್ತು. ಸಾವಿನ ಬಗ್ಗೆ ಅವಳಿಗೆ ಭಯವಿರಲಿಲ್ಲ. ಆಸೆ ಮಾತ್ರ ಒಂದಿತ್ತು. ತನ್ನ ಶವಪೆಟ್ಟಿಗೆಯನ್ನು ಹಜಾರದಲ್ಲಿ ಪೂರ್ವಿಕರ ಪೀಠದ ಮುಂದೆ ಇಡಬೇಕು, ಮುಂಬಾಗಿಲಿನಿಂದಲೇ ಹೊರಗೆ ಹೊತ್ತೊಯ್ಯಬೇಕು. ಅವಳ ಅತ್ತೆ ಹೋದದ್ದು ಹಾಗೆ, ಗಂಡ ಹೋದದ್ದೂ ಹಾಗೆ. ಹೊರಗೆಲ್ಲೋ ಸತ್ತವರನ್ನು ನಾವು ಮತ್ತೆ ಹೊಸ್ತಿಲ ಒಳಗೆ ತರುವುದಿಲ್ಲ. ಆದ್ದರಿಂದ ಈ ಆಸೆ ಈಡೇರಬೇಕಾದರೆ ಮನೆಯಲ್ಲೇ ಸಾಯಬೇಕು, ಮಗನೂ ಒಪ್ಪಬೇಕು.

ಒಂದು ಭಾನುವಾರ ಭಾವನ ಅಣ್ಣ ಟೆಕ್ ಸೆಂಗ್ ಅವಳನ್ನು ನೋಡಲು ಬಂದರು. ಅವರು ನಮ್ಮ ಕುಲಕ್ಕೇ ಹಿರಿಯರು. ಊರುಗೋಲು ಪಕ್ಕಕ್ಕಿಟ್ಟು, ಶಂಖಪುಷ್ಪದ ನೀಲಿ ಹತ್ತಿದ ಅಂಟಕ್ಕಿ ಕಡುಬು ತಿನ್ನುತ್ತ, ಸುತ್ತಿ ಬಳಸದೆ ಕೇಳಿದರು.

"ಬೂನ್ ಕೀಟ್, ಅಮ್ಮನ್ನ ಕೊನೆಗೆ ಇಲ್ಲೇ ತಾನೆ ಮಲಗಿಸೋದು?"

ಬೂನ್ ಕೀಟ್ ಮುಖ ಸಪ್ಪಗೆ ಮಾಡಿದ. ಆ ಮುಖವನ್ನು ಅವನು ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದ ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

"ನಂಗೂ ಅದೇ ಆಸೆ ದೊಡ್ಡಪ್ಪ. ಆದ್ರೆ ಹಜಾರ ಕೆಂಪಾಗಿದೆಯಲ್ಲ! ಸಾವಿನ ಮನೇಲಿ ಕೆಂಪು ಕಾಣ್ಬಾರ್ದು ಅಂತ ನೀವೇ ಹೇಳಿಕೊಟ್ಟಿದ್ದು. ಈ ಕೆಂಪಿನ ಮಧ್ಯ ಇಟ್ರೆ ಅಮ್ಮನ ಆತ್ಮಕ್ಕೆ ನೆಮ್ಮದಿ ಸಿಗತ್ತಾ? ಅದಕ್ಕೇ ಹೊರಗೆ ಒಂದು ಶವಮಂದಿರ ನೋಡಿದೀನಿ. ಏಸಿ ಇದೆ, ಕಾರ್ ನಿಲ್ಸೋಕೂ ಜಾಗ ಇದೆ."

ಸಮಾಧಿ ಗುಡಿಸುವ ಹಬ್ಬದ ದಿನ ಅಪ್ಪನ ಗೋರಿಯ ಮುಂದೆ ಫೋನು ನೋಡುತ್ತ ನಿಲ್ಲುವ ಗಂಡು ಇವನು. ಊದುಬತ್ತಿ ಎಷ್ಟು ಹಚ್ಚಬೇಕು ಅಂತ ಪ್ರತಿ ವರ್ಷವೂ ನನ್ನನ್ನೇ ಕೇಳುತ್ತಾನೆ. ಅಮ್ಮನನ್ನು ಮನೆಯಿಂದ ಹೊರಹಾಕುವ ಹೊತ್ತಿಗೆ ಮಾತ್ರ ಶಾಸ್ತ್ರವೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

"ಕೆಂಪಿನ ಮೇಲೆ ಬಿಳೀ ಕಾಗದ ಅಂಟಿಸಿದ್ರಾಯ್ತು" ಅಂದೆ. "ನಿಮ್ಮಪ್ಪ ಹೋದಾಗ ಬಾಗಿಲ ಮೇಲಿನ ಕೆಂಪಿಗೆಲ್ಲ ನಾನೇ ಅಂಟಿಸಿದ್ದೆ. ಈಗ್ಲೂ ಕೈ ಗಟ್ಟಿ ಇದೆ."

ವೈ ಲೆಂಗ್ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಚಿಕ್ಕಮ್ಮ, ಇದು ಮಾಮೂಲಿ ಪೇಂಟ್ ಅಲ್ಲ. ಗೋಂದು ತಾಗಿದ್ರೆ ಸಿಪ್ಪೆ ಏಳತ್ತೆ. ಅಲ್ದೆ ಚಾವಣಿಗೆ ಏನ್ ಮಾಡ್ತೀರಾ?"

"ಚಾವಣಿಗೆ ಬಣ್ಣ ಬಳೀರಿ ಅಂತ ನಿಂಗೆ ಯಾರು ಹೇಳಿದ್ರೇ?"

ಟೆಕ್ ಸೆಂಗ್ ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿದರು. ಬೂನ್ ಕೀಟ್ ಪೀಠದ ಕಡೆ ತಿರುಗಿ ಕೈ ಮುಗಿದ. "ಪೂರ್ವಿಕರ ಮುಂದೆ ನಿಂತು ಹೇಳ್ತಿದೀನಿ ದೊಡ್ಡಪ್ಪ. ಈ ಕೆಂಪೊಂದು ಅಡ್ಡ ಬರ್ದೇ ಇದ್ದಿದ್ರೆ ಅಮ್ಮನ್ನ ಇಲ್ಲೇ ಮಲಗಿಸ್ತಿದ್ದೆ. ನಾನೇ ಮುಂದೆ ನಿಂತು ಎಲ್ಲಾ ಮಾಡ್ತಿದ್ದೆ."

ಮುದುಕರು ತಲೆ ತಗ್ಗಿಸಿದರು. ಶಾಸ್ತ್ರ ಅಂದಮೇಲೆ ಅವರು ಇನ್ನೇನು ಹೇಳಿಯಾರು? ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಬಾಗಿಲು ತೆರೆದೇ ಇತ್ತು. ಅಕ್ಕನಿಗೆ ಎಲ್ಲವೂ ಕೇಳಿಸಿತ್ತು.

"ನಿನ್ನ ಮಗ ಇದ್ದಕ್ಕಿದ್ದಂಗೆ ಪುರೋಹಿತ ಆಗ್ಬಿಟ್ಟ ಅಕ್ಕ."

ಅಕ್ಕ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಕೇಳಿದಳು, "ನಂಗೆಷ್ಟೇ ವಯಸ್ಸು?"

"ಎಪ್ಪತ್ತೆಂಟು."

"ಅದು ಸರ್ಕಾರದ ಕಾರ್ಡಲ್ಲಿ. ಸತ್ತ ಮೇಲೆ?"

ನಾನು ಬೆರಳು ಮಡಚಿ ಎಣಿಸಿದೆ. ಸತ್ತವರ ವಯಸ್ಸಿಗೆ ನಾವು ಮೂರು ವರ್ಷ ಸೇರಿಸುತ್ತೇವೆ. ಆಕಾಶಕ್ಕೊಂದು, ಭೂಮಿಗೊಂದು, ಮನುಷ್ಯನಿಗೊಂದು. ಸತ್ತ ಕ್ಷಣಕ್ಕೆ ಅಕ್ಕನಿಗೆ ಎಂಬತ್ತೊಂದಾಗುತ್ತಿತ್ತು. ಎಂಬತ್ತು ದಾಟಿ, ಮರಿಮಗುವನ್ನೂ ಕಂಡು ಹೋದವರದು ನಮ್ಮಲ್ಲಿ ಅಳುವ ಸಾವಲ್ಲ, ನಗುವ ಸಾವು. ಅದಕ್ಕೆ ಕೆಂಪು ವರ್ಜ್ಯವಲ್ಲ. ಬಾಗಿಲಿಗೆ ಸತ್ತವರ ವಯಸ್ಸು ಬರೆದ ಕೆಂಪು ಲಾಂದ್ರವನ್ನೇ ಕಟ್ಟುತ್ತಾರೆ. ಇಪೋದಲ್ಲಿರುವ ಮಗಳ ಕಡೆಯಿಂದ ಅಕ್ಕನಿಗೆ ಮರಿಮಗಳೂ ಇದ್ದಳು.

"ಈಗ್ಲೇ ಹೋಗಿ ಅವನ ಮುಖಕ್ಕೆ ಹೇಳ್ತೀನಿ" ಅಂತ ತಿರುಗಿದೆ. ಅಕ್ಕ ನನ್ನ ಸರೋಂಗಿನ ಅಂಚು ಹಿಡಿದುಕೊಂಡಳು.

"ಕೂತ್ಕೊಳೇ ಹುಚ್ಚಿ. ಈಗ ಹೇಳಿದ್ರೆ ನಾಳೆ ಇನ್ನೊಂದು ನೆಪ ಹುಡುಕ್ತಾನೆ. ಬಾಯಿ ಬಿಟ್ರೆ ಬಣ್ಣಗೇಡು. ನಾನು ಹೋದ್ಮೇಲೆ ಬಾಯಿ ಬಿಡು. ಅಲ್ಲೀವರೆಗೆ ನನ್ನನ್ನ ಯಾರೂ ಆಸ್ಪತ್ರೆಗೆ ಹೊತ್ಕೊಂಡು ಹೋಗ್ದಂಗೆ ನೋಡ್ಕೋ, ಅಷ್ಟು ಸಾಕು." ಆಮೇಲೆ ಮುಖ ಹುಳ್ಳಗೆ ಮಾಡಿದಳು. "ಆದ್ರೂ ಆ ಹಾಳು ಬಣ್ಣದ ಮಧ್ಯ ಮಲಗ್ಬೇಕಲ್ಲೇ."

"ಕಣ್ಣು ಮುಚ್ಚಿರತ್ತಲ್ಲ ಅಕ್ಕ."

ಇಬ್ಬರೂ ನಕ್ಕೆವು. ನನಗೆ ನಗುತ್ತಲೇ ಅಳು ಬಂತು.

ಅವತ್ತಿನಿಂದ ನಾನು ಮನೆಗೆ ಹೋದದ್ದು ಸ್ನಾನಕ್ಕೆ ಮಾತ್ರ. ಒಂದು ಬೆಳಿಗ್ಗೆ ಹಜಾರದಲ್ಲಿ ಯಾವಳೋ ಮದುಮಗಳು ಬಿಳಿ ಗೌನು ಹರಡಿಕೊಂಡು ಸೋಫಾದ ಮೇಲೆ ಒರಗಿದ್ದಳು. ಹಿಂದಿನ ಕೋಣೆಯಿಂದ ಅಕ್ಕನ ನರಳಾಟ ಕೇಳಿ ಅವಳು ಬೆಚ್ಚಿಬಿದ್ದಳು. ಸ್ವಲ್ಪ ಹೊತ್ತಿಗೆ ಹಿಂಬಾಗಿಲಿಗೆ ಆಂಬುಲೆನ್ಸ್ ಬಂತು. ಕರೆಸಿದವಳು ವೈ ಲೆಂಗ್.

"ಅತ್ತೆಗೆ ಅಲ್ಲಿ ಆರಾಮಾಗಿರತ್ತೆ ಚಿಕ್ಕಮ್ಮ" ಅಂದಳು.

"ಯಾರಿಗೆ ಆರಾಮು ಅಂತ ಗೊತ್ತು ನಂಗೆ." ನಾನು ಕೋಣೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತೆ. "ಮೊದ್ಲು ನನ್ನನ್ನ ಸ್ಟ್ರೆಚರ್ ಮೇಲೆ ಹಾಕ್ಕೊಂಡು ಹೋಗ್ಲಿ. ಆಮೇಲೆ ಅವಳು."

ಬಂದವರಲ್ಲಿ ಒಬ್ಬ ನನ್ನ ತಲೆಯ ಮೇಲಿಂದ ಬಗ್ಗಿ ಅಕ್ಕನನ್ನೇ ಕೇಳಿದ, ಬರ್ತೀರಾ ಅಮ್ಮ ಅಂತ. ಅಕ್ಕ "ಇಲ್ಲ" ಅಂದದ್ದು ಹಜಾರದವರೆಗೂ ಕೇಳಿಸಿತು. ಅವರು ಖಾಲಿ ಸ್ಟ್ರೆಚರ್ ಮಡಚಿಕೊಂಡು ಹೋದರು. ಮದುಮಗಳೂ ಹೋದಳು.

ಅಕ್ಕ ಹೋದದ್ದು ಒಂದು ಬೆಳಿಗ್ಗೆ, ಎರಡು ಚಮಚ ಗಂಜಿ ಕುಡಿದು, ಉಪ್ಪು ಕಮ್ಮಿ ಅಂತ ನನ್ನನ್ನು ಬೈದ ಮೇಲೆ. ನಾನು ಅವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತೆ. ಹಜಾರಕ್ಕೆ ಬಂದು ನೋಡಿದರೆ ಬೂನ್ ಕೀಟ್ ಆಗಲೇ ಫೋನು ಕಿವಿಗಿಟ್ಟುಕೊಂಡು ಶವಮಂದಿರದ ಗಾಡಿಗೆ ದಾರಿ ಹೇಳುತ್ತಿದ್ದ. ಟೆಕ್ ಸೆಂಗ್ ಬಂದು ಕೂತಿದ್ದರು. ನಾನು ಮುಖ ಒರೆಸಿಕೊಂಡೆ.

"ಬೂನ್ ಕೀಟ್, ಲಾಂದ್ರದ ಮೇಲೆ ಅಮ್ಮನ ವಯಸ್ಸು ಎಷ್ಟೂಂತ ಬರೆಸ್ತೀಯಪ್ಪ?"

"ಎಪ್ಪತ್ತೆಂಟು" ಅಂದ, ಫೋನು ಕೆಳಗಿಳಿಸದೆ.

ಟೆಕ್ ಸೆಂಗ್ ಊರುಗೋಲಿನಿಂದ ನೆಲ ಕುಟ್ಟಿದರು. "ಮೂರು ಸೇರಿಸೋದು ಮರೆತ್ಯೇನೋ ದಡ್ಡ? ಎಂಬತ್ತೊಂದು!" ಅಂದವರು ಅಲ್ಲಿಗೇ ನಿಂತರು. ಮುದುಕರ ತಲೆ ನಿಧಾನ. ಅವರು ಗೋಡೆ ನೋಡಿದರು, ಪರದೆ ನೋಡಿದರು, ಕೊನೆಗೆ ಕತ್ತು ಹಿಂದಕ್ಕೆ ಮಾಡಿ ಚಾವಣಿ ನೋಡಿದರು. ಕಣ್ಣಲ್ಲಿ ನೀರು ಬಂತು.

"ನಗುವ ಸಾವು! ಮರಿಮಗಳನ್ನೂ ನೋಡಿದ ಜೀವ. ಅಯ್ಯೋ ಮಗನೇ, ಇದಕ್ಕೇನೋ ಎಲ್ಲಾ ಮೊದ್ಲೇ ಕೆಂಪು ಮಾಡ್ಸಿ ಇಟ್ಟಿದ್ದು? ಆವತ್ತು ಇವನು ತಾಯೀನ ಹೊರಗೆ ಹಾಕ್ತಾನೆ ಅಂತ ತಪ್ಪು ತಿಳ್ಕೊಂಡ್ಬಿಟ್ಟೆ ಕಣೋ."

"ಅಲ್ಲ ದೊಡ್ಡಪ್ಪ, ಬಣ್ಣ ಅದಕ್ಕಲ್ಲ, ಅದು..."

"ಕೆಂಪು ಅಡ್ಡ ಬರ್ದಿದ್ರೆ ಇಲ್ಲೇ ಮಲಗಿಸ್ತೀನಿ ಅಂತ ನೀನೇ ಅಂದಿದ್ದೆ" ಅಂತ ನಾನು ಪೀಠದ ಕಡೆ ಬೆರಳು ತೋರಿಸಿದೆ. "ಅಡ್ಡ ಬರ್ಲಿಲ್ಲ ನೋಡಪ್ಪ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೂನ್ ಕೀಟ್ ದೊಡ್ಡಪ್ಪನನ್ನು ನೋಡಿದ, ಪೀಠ ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಗಾಡಿ ಬೇಡ ಅಂತ ಫೋನಿಗೆ ಹೇಳಿದ.

ಅಕ್ಕ ಪೀಠದ ಮುಂದೆ ರಾಣಿಯ ಹಾಗೆ ಮಲಗಿದಳು. ಬಾಗಿಲಿಗೆ ಎಂಬತ್ತೊಂದು ಅಂತ ಬರೆದ ಕೆಂಪು ಲಾಂದ್ರ. ಇಪೋದಿಂದ ಬಂದ ಮರಿಮಗಳು ಕೆಂಪು ಅಂಗಿ ಹಾಕಿಕೊಂಡು ಸೋಫಾದ ಮೇಲೆ ಕುಣಿದಳು, ಯಾರೂ ಗದರಿಸಲಿಲ್ಲ. ಬಂದವರೆಲ್ಲ ಬೂನ್ ಕೀಟ್‌ನ ಕೈ ಹಿಡಿದು ಹೊಗಳಿದ್ದೇ ಹೊಗಳಿದ್ದು. ಮಗ ಅಂದ್ರೆ ಹೀಗಿರ್ಬೇಕು, ತಾಯಿ ಬದುಕಿರುವಾಗಲೇ ಹಜಾರ ಸಿದ್ಧ ಮಾಡಿಸಿದ್ದಾನೆ ಅಂತ. "ಚಾವಣೀನೂ ಬಿಟ್ಟಿಲ್ಲ ನೋಡ್ರೀ, ಎಂಥಾ ಸೊಸೆ!" ಅಂತ ಹೆಂಗಸರು ವೈ ಲೆಂಗ್‌ಳ ಬೆನ್ನು ಸವರಿದರು. ಅವಳು ಪ್ರತಿಯೊಬ್ಬರಿಗೂ ತಲೆಬಾಗಿ ವಂದಿಸಬೇಕಾಯಿತು. ನಾನು ಒಂದು ಕುರ್ಚಿ ಎಳೆದುಕೊಂಡು ಅದನ್ನೆಲ್ಲ ನೋಡುತ್ತ ಕೂತಿದ್ದೆ. ಅಕ್ಕ ಮುಂಬಾಗಿಲಿನಿಂದಲೇ ಹೊರಟಳು, ಅತ್ತೆ ಮತ್ತು ಗಂಡ ಹೋದ ಹಾಗೇ.

ನೆಂಟರು ತೆಗೆದ ಫೋಟೊಗಳು ಊರೆಲ್ಲ ಫೋನುಗಳಲ್ಲಿ ಓಡಾಡಿದವು. ಆ ಪರದೆ, ಆ ಸೋಫಾ, ನಡುವೆ ಪೆಟ್ಟಿಗೆ. ಆಮೇಲೆ ಒಬ್ಬಳು ಮದುಮಗಳೂ ಆ ಹೊಸ್ತಿಲು ತುಳಿಯಲಿಲ್ಲ. ಹೆಣದ ಹಜಾರದಲ್ಲಿ ಯಾರು ತಾನೇ ಗೌನು ಹರಡಿಕೊಂಡು ಹಲ್ಲು ಕಿರಿಯುತ್ತಾರೆ?

ಮೊನ್ನೆ ವೈ ಲೆಂಗ್ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಖಾಲಿ ಬಕೆಟ್ಟು. ಒಳಗೆ ಬಾರದೆ ಬಾಗಿಲಲ್ಲೇ ನಿಂತು ಕೇಳಿದಳು.

"ಚಿಕ್ಕಮ್ಮ, ಗೋಡೆ ಮತ್ತೆ ನೀಲಿ ಮಾಡ್ಸೋಣ ಅಂತ. ಪೇಂಟ್ ಅಂಗಡೀಲಿ ಎಷ್ಟು ಡಬ್ಬ ತೆರೆದು ನೋಡಿದ್ರೂ ಆ ನೀಲಿ ಬರ್ತಾನೇ ಇಲ್ಲ. ಸುಣ್ಣಕ್ಕೆ ಏನೇನು ಕಲಸ್ತಿದ್ರು, ಎಷ್ಟು ಕಲಸ್ತಿದ್ರು, ನಿಮಗೆ ಗೊತ್ತಾ?"

ನನಗೆ ನಗಬೇಕು ಅನ್ನಿಸಿತ್ತು. ಆಗಲಿಲ್ಲ. ಆ ನೀಲಿ ಕಣ್ಣ ಮುಂದೆ ಬಂತು, ಮೊಣಕೈವರೆಗೂ ನೀಲಿಯಾದ ಅಕ್ಕನ ಕೈಯೂ ಬಂತು.

"ನಂಗೊತ್ತಿಲ್ಲ" ಅಂದೆ. "ನಿಮ್ಮತ್ತೆಗೆ ಗೊತ್ತಿತ್ತು. ಅಷ್ಟು ದಿನ ಹಿಂದಿನ ಕೋಣೇಲೇ ಮಲಗಿದ್ಲಲ್ಲ, ಒಂದ್ಸಲ ಕೇಳಬಹುದಿತ್ತು."